ಸಿಎಸ್ಸೋ ಐಎಸ್ಸೋ ಆಮೇಲೆ ನೋಡೋಣ, ಊರ ಡೈರಿ ಲೆಕ್ಕ ಬರುತ್ತಾ?

ಸಿಇಟಿ ಆಪ್ಶನ್ ಎಂಟ್ರಿ (ಕಾಲೇಜು, ಬ್ರಾಂಚ್ ಆರಿಸೋ ಹಂತ) ಹತ್ತಿರ ಬಂತು ಅಂದರೆ ಗುಬ್ಬಿಯಿಂದ ಪಾವಗಡದವರೆಗೂ ಪಿಯುಸಿ ಮುಗಿಸಿದ ಮಕ್ಕಳಿರೋ ಮನೆಗಳಲ್ಲಿ ಒಂದೇ ಮಾತು. ಸಿಎಸ್ (ಕಂಪ್ಯೂಟರ್ ಸೈನ್ಸ್) ಸಿಗದಿದ್ದರೆ ಐಎಸ್ ತಗೋಬಹುದಾ? ಎಐ-ಎಂಎಲ್ (ಕೃತಕ ಬುದ್ಧಿಮತ್ತೆ, ಮಶೀನ್ ಲರ್ನಿಂಗ್) ಅಂತ ಹೆಸರಿದ್ದರೆ ಮ್ಯಾನೇಜ್‌ಮೆಂಟ್ ಸೀಟಾದರೂ ಪರವಾಗಿಲ್ಲವಾ? ಬಿಸಿಎಗೆ ಸೇರಿಸಿದರೆ ನೆಂಟರು ಏನಂತಾರೆ? ಇಷ್ಟೂ ಚರ್ಚೆ ಹೆಸರಿನ ಸುತ್ತಲೇ. ಅಲ್ಲಿ ಕಲಿಯೋದು ಏನು, ಮಕ್ಕಳು ಎಲ್ಲಿ ಎಡವುತ್ತಾರೆ, ಯಾಕೆ ಎಡವುತ್ತಾರೆ ಅನ್ನೋದನ್ನ ಕೂತು ಹೇಳೋರು ಕಮ್ಮಿ. ಅದಕ್ಕೇ ಇಷ್ಟುದ್ದ ಬರೀತಿದ್ದೀನಿ.

ಹೆಸರಿನ ವಿಷಯ ಬೇಗ ಮುಗಿಸಿಬಿಡ್ತೀನಿ. ಐಎಸ್ ಅಂದರೆ ಇನ್ಫರ್ಮೇಶನ್ ಸೈನ್ಸ್. ಬೇರೆ ರಾಜ್ಯಗಳಲ್ಲಿ ಐಟಿ ಅಂತ ಕರೆಯೋದಕ್ಕೆ ನಮ್ಮಲ್ಲಿ ಇರೋ ಹೆಸರು ಅಷ್ಟೇ. ನಮ್ಮ ಎಂಜಿನಿಯರಿಂಗ್ ವಿಶ್ವವಿದ್ಯಾಲಯ ವಿಟಿಯುವಿನ 2022ರ ಸ್ಕೀಮ್ (ಪಠ್ಯಕ್ರಮ) ತೆಗೆದು ನೋಡಿ: ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಅಲ್ಗಾರಿದಮ್ಸ್, ಡಿಬಿಎಂಎಸ್ (ಡೇಟಾಬೇಸ್, ಅಂದರೆ ದಾಖಲೆಗಳನ್ನ ಟೇಬಲ್‌ಗಳಲ್ಲಿ ಇಟ್ಟು ನಿಭಾಯಿಸೋ ವಿಷಯ) ಎರಡೂ ಬ್ರಾಂಚಿಗೆ ಒಂದೇ, ವಿಷಯದ ಕೋಡ್ ಕೂಡ ಒಂದೇ. ತುಮಕೂರಿನ ಎಸ್‌ಐಟಿಯಂಥ ಸ್ವಾಯತ್ತ ಕಾಲೇಜುಗಳು ಸಿಲಬಸ್ ತಾವೇ ಮಾಡಿಕೊಳ್ಳುತ್ತವೆ, ಆದರೂ ಈ ನಾಲ್ಕು ಕಂಬ ಅಲ್ಲೂ ಇರುತ್ತವೆ. ಬಿಸಿಎ 2024-25ರಿಂದ ನಮ್ಮ ರಾಜ್ಯದಲ್ಲಿ ಮತ್ತೆ 3 ವರ್ಷಕ್ಕೆ ಬಂದಿದೆ, ಅದರ ಮೇಲೆ ಪಿಜಿಸಿಇಟಿ ಬರೆದು 2 ವರ್ಷದ ಎಂಸಿಎ ಮಾಡಬಹುದು. ಡಿಪ್ಲೊಮಾ ಮಾಡಿದವರು ಡಿಸಿಇಟಿ ಬರೆದು ನೇರ ಮೂರನೇ ಸೆಮಿಸ್ಟರ್‌ಗೆ ಬರ್ತಾರೆ. ಯಾವ ದಾರಿಯೂ ಕೀಳಲ್ಲ. ಸಾಲ ಮಾಡಿ ಲಕ್ಷಗಟ್ಟಲೆ ಕೊಟ್ಟು ಬ್ರಾಂಚಿನ ಹೆಸರು ಕೊಂಡುಕೊಳ್ಳೋದು ಮಾತ್ರ ತಪ್ಪು ಅಂತ ಖಡಾಖಂಡಿತವಾಗಿ ಹೇಳ್ತೀನಿ.

ಇನ್ನೊಂದು ಮಾತು, ಹಳ್ಳಿ ಮಕ್ಕಳಿಗೆ. ಗ್ರಾಮೀಣ ಮೀಸಲಾತಿ 15%, ಕನ್ನಡ ಮಾಧ್ಯಮದ್ದು 5%. ಎರಡಕ್ಕೂ 1ರಿಂದ 10ನೇ ತರಗತಿವರೆಗಿನ ಓದಿನ ಪ್ರಮಾಣಪತ್ರ ಬೇಕು, ಬಿಇಒ ಮೇಲುಸಹಿ ಸಮೇತ. ಮಧ್ಯೆ ಒಂದೆರಡು ವರ್ಷ ಬೇರೆ ಶಾಲೆಯಲ್ಲಿ ಓದಿದ್ದರೆ ಆ ಶಾಲೆಯದ್ದೂ ಬೇಕು. ಎಷ್ಟೋ ಜನ ಕಳಕೊಳ್ಳೋದು ಇಲ್ಲೇ. ಕೊನೇ ವಾರಕ್ಕೆ ಬಿಡಬೇಡಿ.

ಈಗ ನಿಜವಾದ ವಿಷಯ. ಈ ಪದವಿಯ ತಿರುಳು ಇರೋದು ಡಿಬಿಎಂಎಸ್ ಮತ್ತು ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನೋ ಎರಡು ವಿಷಯದಲ್ಲಿ. ಮಕ್ಕಳು ಅತಿ ಹಗುರವಾಗಿ ತಗೊಳ್ಳೋದೂ ಇವೆರಡನ್ನೇ. ಕಾರಣ ಪರೀಕ್ಷೆಯ ರೀತಿಯಲ್ಲೇ ಇದೆ. 2022ರ ಸ್ಕೀಮ್‌ನಲ್ಲಿ ಐದು ಮಾಡ್ಯೂಲ್ (ಪಾಠದ ಭಾಗ), ಪ್ರತಿ ಮಾಡ್ಯೂಲ್‌ಗೆ 20 ಅಂಕದ ಎರಡು ಪ್ರಶ್ನೆ, ಅದರಲ್ಲೊಂದು ಬರೆದರೆ ಸಾಕು. 100ಕ್ಕೆ ಬರೆದದ್ದನ್ನ 50ಕ್ಕೆ ಇಳಿಸ್ತಾರೆ, ಅದರಲ್ಲಿ 18 ಬಂದು ಇಂಟರ್ನಲ್ಸ್ (ಕಾಲೇಜಲ್ಲೇ ಕೊಡೋ ಅಂಕ) ಸೇರಿ ಒಟ್ಟು 40 ಆದರೆ ಪಾಸ್. ವ್ಯಾಖ್ಯೆ ಬಾಯಿಪಾಠ ಮಾಡಿ, ಡಯಾಗ್ರಾಂ ಬರೆದು, ಲ್ಯಾಬ್ ರೆಕಾರ್ಡ್ ಸೀನಿಯರ್‌ದು ನೋಡಿ ಕಾಪಿ ಮಾಡಿದರೆ ದಾಟಿಬಿಡಬಹುದು. ದಾಟ್ತಾರೆ ಕೂಡ. ಆಮೇಲೆ ಇಂಟರ್‌ವ್ಯೂನಲ್ಲಿ 'ಈ ಟೇಬಲ್ ಯಾಕೆ ಎರಡಾಗಿ ಒಡೆದೆ' ಅಂತ ಕೇಳಿದರೆ ಬಾಯಿ ಕಟ್ಟಿಹೋಗುತ್ತೆ.

ಇದಕ್ಕೆ ಮದ್ದು ನಿಮ್ಮೂರಲ್ಲೇ ಇದೆ: ಹಾಲಿನ ಡೈರಿ. ಎಷ್ಟೋ ಡೈರಿಗಳಲ್ಲಿ ತೂಕ, ಫ್ಯಾಟ್ ಅಳೆದು ಚೀಟಿ ಕೊಡೋ ಯಂತ್ರ ಆಗಲೇ ಬಂದಿದೆ. ಅದನ್ನ ಕಿತ್ತು ನಿಮ್ಮದನ್ನ ಕೂರಿಸಿ ಅಂತ ಹೇಳ್ತಿಲ್ಲ. ಆ ಲೆಕ್ಕವನ್ನ ನೀವು ಮೊದಲಿಂದ ಕಟ್ಟಿ ನೋಡಿ, ನಾಲ್ಕನೇ ಸೆಮಿಸ್ಟರ್‌ನ ಡಿಬಿಎಂಎಸ್ ಪುಸ್ತಕದ ಅರ್ಧ ತಾನಾಗಿಯೇ ತಲೆಗೆ ಹತ್ತುತ್ತೆ.

ಶುರುವಿನಲ್ಲಿ ಎಲ್ಲರೂ ಮಾಡೋದು ಒಂದೇ ದೊಡ್ಡ ಟೇಬಲ್. ತಾರೀಖು, ಹೊತ್ತು (ಬೆಳಿಗ್ಗೆ ಅಥವಾ ಸಂಜೆ), ಸದಸ್ಯ ನಂಬರ್, ಹೆಸರು, ಬ್ಯಾಂಕ್ ಖಾತೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ), ದರ, ಮೊತ್ತ. 60 ಜನ ದಿನಕ್ಕೆ ಎರಡು ಹೊತ್ತು ಹಾಲು ಹಾಕಿದರೆ 30 ದಿನಕ್ಕೆ 3,600 ಸಾಲು. ಒಬ್ಬರ ಬ್ಯಾಂಕ್ ಖಾತೆ ಬದಲಾದರೆ ಅವರ 60 ಸಾಲನ್ನೂ ತಿದ್ದಬೇಕು. 59 ತಿದ್ದಿ ಒಂದು ಬಿಟ್ಟರೆ ಯಾವ ಖಾತೆ ನಿಜ? ಇಲ್ಲಿ ಹಾಲಿನ ಸಾಲನ್ನ ಗುರುತಿಸೋದು ತಾರೀಖು, ಹೊತ್ತು, ಸದಸ್ಯ ನಂಬರ್ ಮೂರೂ ಸೇರಿ, ಇದಕ್ಕೆ ಕೀ ಅಂತಾರೆ. ಹೆಸರು ಮತ್ತು ಖಾತೆ ನಿಂತಿರೋದು ಸದಸ್ಯ ನಂಬರ್ ಒಂದರ ಮೇಲೆ, ಅಂದರೆ ಕೀಯ ಒಂದು ತುಂಡಿನ ಮೇಲೆ. ಸೆಕೆಂಡ್ ನಾರ್ಮಲ್ ಫಾರ್ಮ್ (ಪ್ರತಿ ಕಾಲಂ ಇಡೀ ಕೀ ಮೇಲೆ ನಿಲ್ಲಬೇಕು ಅನ್ನೋ ನಿಯಮ) ಮುರಿಯೋದು ಅಂದರೆ ಇದೇ. ದರ ನಿಂತಿರೋದು ಫ್ಯಾಟ್, ಎಸ್‌ಎನ್‌ಎಫ್ ಮತ್ತು ಆವತ್ತು ಜಾರಿಯಲ್ಲಿದ್ದ ದರಪಟ್ಟಿಯ ಮೇಲೆ. ಅದು ಥರ್ಡ್ ನಾರ್ಮಲ್ ಫಾರ್ಮ್ (ಕೀ ಬಿಟ್ಟು ಬೇರೆ ಕಾಲಂ ಮೇಲೆ ನಿಲ್ಲಬಾರದು ಅನ್ನೋ ನಿಯಮ) ಕಥೆ. ಇಂಥ ತಾಪತ್ರಯ ತಪ್ಪಿಸೋ ನಿಯಮಗಳು ಬೆಳೆದದ್ದು 1970ರಲ್ಲಿ ಐಬಿಎಂನ ಎಡ್ಗರ್ ಕಾಡ್ ಮುಂದಿಟ್ಟ ರಿಲೇಶನಲ್ ಮಾದರಿಯಿಂದ (ದಾಖಲೆಗಳನ್ನ ಟೇಬಲ್‌ಗಳಾಗಿ ಇಡೋ ಕ್ರಮ).

ಹಾಗಾಗಿ ಸದಸ್ಯರಿಗೊಂದು ಟೇಬಲ್, ಹಾಲಿಗೊಂದು, ದರಪಟ್ಟಿಗೊಂದು. ದರಪಟ್ಟಿಯಲ್ಲಿ 'ಯಾವ ತಾರೀಖಿಂದ ಜಾರಿ' ಅನ್ನೋ ಕಾಲಂ ಇರಲೇಬೇಕು. ಇವತ್ತಿನ ದರ ಒಂದನ್ನೇ ಇಟ್ಟುಕೊಂಡರೆ, ದರ ಬದಲಾದ ದಿನ ಹೋದ ತಿಂಗಳ ಬಿಲ್ ಕೂಡ ಬದಲಾಗಿ ಕೂರುತ್ತೆ. ಒಂದು ಸೂಕ್ಷ್ಮ ಇದೆ: ಪುಸ್ತಕದ ಪ್ರಕಾರ ಮೊತ್ತವನ್ನ ಲೆಕ್ಕ ಹಾಕಿ ತೆಗೀಬಹುದು, ಇಡಬೇಕಿಲ್ಲ. ಆದರೆ ರೈತನ ಕೈಗೆ ಹೋದ ಚೀಟಿಯಲ್ಲಿ ಅಚ್ಚಾದ ಮೊತ್ತ ಒಂದು ದಾಖಲೆ. ಅದನ್ನ ಇಡಬೇಕು, ಆಮೇಲೆ ಮುಟ್ಟಬಾರದು. ಯಾಕೆ ಅಂತ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಧೈರ್ಯವಾಗಿ ವಾದ ಮಾಡಿ.

ಇನ್ನೂ ಒಂದು ಬಲೆ ಇದೆ. ಮೇಲೆ ಹೇಳಿದ ಮೂರು ಸೇರಿದ ಕೀ ಸರಿ ಅಂತ ಕಾಣುತ್ತೆ. ಒಂದೇ ಮನೆಯವರು ಅದೇ ಹೊತ್ತಿಗೆ ಹಸುವಿನ ಹಾಲು ಒಂದು ಕ್ಯಾನ್, ಎಮ್ಮೆ ಹಾಲು ಇನ್ನೊಂದು ಕ್ಯಾನ್ ತಂದ ದಿನ ಅದು ಬಿದ್ದುಹೋಗುತ್ತೆ, ಎರಡನೇ ಸಾಲು ಒಳಗೆ ಹೋಗಲ್ಲ. ಇದು ಯಾವ ಪುಸ್ತಕದಲ್ಲೂ ಇಲ್ಲ. ಎಐ ಬಳಿ ಕೋಡ್ ಬರೆಸಿದರೂ ನೀವು ಹೇಳದೆ ಅದಕ್ಕೆ ಈ ಎಮ್ಮೆ ಗೊತ್ತಾಗಲ್ಲ. ಡೈರಿ ಮುಂದೆ ನಿಂತು ನೋಡಿದವರಿಗೆ ಮಾತ್ರ ಗೊತ್ತಾಗುತ್ತೆ. ಹೆಸರನ್ನ ಕೀ ಮಾಡೋ ಯೋಚನೆಯಂತೂ ಬೇಡವೇ ಬೇಡ. ಒಂದೇ ಊರಲ್ಲಿ ನಾಲ್ಕು ಜನ ಲಕ್ಷ್ಮಮ್ಮ, ಮೂರು ಜನ ರಂಗಸ್ವಾಮಿ ಇರ್ತಾರೆ.

ದುಡ್ಡಿನ ಕಾಲಂಗೆ ಫ್ಲೋಟ್ (ದಶಮಾಂಶವನ್ನ ಅಂದಾಜಾಗಿ ಇಡೋ ಸಂಖ್ಯೆ ಮಾದರಿ) ಬಳಸಬೇಡಿ. ಪೈಥಾನ್‌ನಲ್ಲಿ 0.1 + 0.2 ಕೂಡಿ ನೋಡಿ, 0.30000000000000004 ಬರುತ್ತೆ, ಯಾಕಂದರೆ 0.1 ಅನ್ನೋದನ್ನ ಬೈನರಿಯಲ್ಲಿ ಪೂರ್ತಿ ಬರೆಯೋಕೆ ಆಗಲ್ಲ. ಡೆಸಿಮಲ್ ಬಳಸಿ, ಇಲ್ಲವಾದರೆ ಎಲ್ಲವನ್ನೂ ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ. ಆಮೇಲೆ ರೌಂಡಿಂಗ್. ಲೀಟರಿಗೆ 34.75 ರೂಪಾಯಿ ಅಂತಿಟ್ಟುಕೊಳ್ಳಿ, 6.25 ಲೀಟರಿಗೆ 217.1875. ಚೀಟಿಯಲ್ಲಿ 217.19 ಅಚ್ಚಾಗುತ್ತೆ. ವಾರಕ್ಕೆ 14 ಚೀಟಿ. ರೈತ ಚೀಟಿಗಳನ್ನ ಕೂಡಿಸ್ತಾನೆ. ನಿಮ್ಮ ಪ್ರೋಗ್ರಾಂ ಎಲ್ಲ ಕೂಡಿಸಿ ಕೊನೆಗೆ ರೌಂಡ್ ಮಾಡಿದರೆ ಒಂದೆರಡು ಪೈಸೆ ತಾಳೆ ಬರಲ್ಲ. ಪೈಸೆ ಲೆಕ್ಕ ಅಂತ ತಳ್ಳಿಹಾಕಬೇಡಿ. ಒಂದು ಸಲ ತಾಳೆ ಬರದಿದ್ದರೆ ಊರಿನವರು ಆ ಯಂತ್ರವನ್ನ ಮತ್ತೆ ನಂಬಲ್ಲ. ಪ್ರತಿ ಚೀಟಿಯನ್ನೂ ರೌಂಡ್ ಮಾಡಿ, ಆಮೇಲೆ ಕೂಡಿಸಿ.

ಟ್ರಾನ್ಸಾಕ್ಷನ್ (ಆದರೆ ಎಲ್ಲ ಆಗಬೇಕು, ಇಲ್ಲವಾದರೆ ಏನೂ ಆಗಬಾರದು ಅನ್ನೋ ಕಟ್ಟು) ಪಾಠ ಸೆಮಿಸ್ಟರ್ ಕೊನೆಯಲ್ಲಿ ಬರುತ್ತೆ, ಅವಸರದಲ್ಲಿ ಮುಗಿದುಹೋಗುತ್ತೆ. ಬಟವಾಡೆ ದಿನ ನೆನೆಸಿಕೊಳ್ಳಿ. 120 ಜನರ ಲೆಕ್ಕಕ್ಕೆ ದುಡ್ಡು ಬರೆಯುತ್ತಿರುವಾಗ 80 ಆದಮೇಲೆ ಕರೆಂಟ್ ಹೋಯಿತು. ಬಂದಮೇಲೆ ಮತ್ತೆ ಬಟನ್ ಒತ್ತಿದರೆ ಆ 80 ಜನಕ್ಕೆ ಎರಡೆರಡು ಸಲ. ಇಡೀ ಬಟವಾಡೆಯನ್ನ ಒಂದೇ ಟ್ರಾನ್ಸಾಕ್ಷನ್ ಒಳಗಿಟ್ಟರೆ, ಕಮಿಟ್ (ಪಕ್ಕಾ) ಆಗುವ ಮುಂಚೆ ಕರೆಂಟ್ ಹೋದರೂ ಎಲ್ಲ ರೋಲ್‌ಬ್ಯಾಕ್ ಆಗಿ ಮೊದಲಿನ ಹಾಗೇ ಇರುತ್ತೆ. ಅದರ ಮೇಲೆ ಬಟವಾಡೆ ನಂಬರ್ ಮತ್ತು ಸದಸ್ಯ ನಂಬರ್ ಸೇರಿಸಿ ಯೂನಿಕ್ ಕನ್‌ಸ್ಟ್ರೇಂಟ್ ಹಾಕಿ. ಯಾರು ಎಷ್ಟು ಸಲ ಒತ್ತಿದರೂ ಎರಡನೇ ಸಾಲು ಹುಟ್ಟಲ್ಲ. ಇನ್ನು 14.5 ಲೀಟರ್ ಅನ್ನೋದನ್ನ ಯಾರೋ 41.5 ಅಂತ ಒತ್ತಿದರು. ಅದನ್ನ ಅಳಿಸಿ ಬರೆಯೋ ಅವಕಾಶ ಕೊಡಬೇಡಿ. ತಿದ್ದುಪಡಿಗೆ ಬೇರೆ ಸಾಲು ಇರಲಿ, ಯಾರು ತಿದ್ದಿದರು, ಯಾವಾಗ, ಯಾಕೆ ಅನ್ನೋದರ ಸಮೇತ. ಹಳೇ ಲೆಕ್ಕದ ಪುಸ್ತಕದಲ್ಲಿ ತಪ್ಪಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕ್ತಿದ್ದರಲ್ಲ, ಅದೇ ನ್ಯಾಯ.

ರಾಜ್ಯ ಸರ್ಕಾರ ಲೀಟರಿಗೆ ಇಷ್ಟು ಅಂತ ಕೊಡೋ ಪ್ರೋತ್ಸಾಹಧನದ್ದು ಇನ್ನೊಂದು ಪಾಠ. ಅದು ಒಕ್ಕೂಟದ ಹಾಲಿನ ದುಡ್ಡಿನ ಜೊತೆ ಬರಲ್ಲ, ಬೇರೆಯಾಗಿ ರೈತರ ಬ್ಯಾಂಕ್ ಖಾತೆಗೆ ಬರುತ್ತೆ. ಒಂದೇ ಲೀಟರ್ ಹಾಲು, ಎರಡು ದುಡ್ಡಿನ ದಾರಿ, ಎರಡು ಬೇರೆ ದಿನ. ಎರಡನ್ನೂ ಒಂದೇ ಮೊತ್ತದ ಕಾಲಂಗೆ ತುರುಕಿದರೆ ಯಾವತ್ತೂ ಲೆಕ್ಕ ಕೂಡಲ್ಲ.

ಕನ್ನಡದಲ್ಲಿ ಹೆಸರು ಇಡೋದನ್ನ ನಮ್ಮ ಕಾಲೇಜುಗಳಲ್ಲಿ ಯಾರೂ ಪಾಠ ಮಾಡಲ್ಲ, ನನಗಿದು ತುಂಬಾ ಬೇಸರದ ವಿಷಯ. 'ಲಕ್ಷ್ಮಮ್ಮ' ಅಂತ ಬರೆದರೆ ಕಣ್ಣಿಗೆ ಕಾಣೋದು ಮೂರು ಅಕ್ಷರ. ಯೂನಿಕೋಡ್ ಲೆಕ್ಕದಲ್ಲಿ ಅದು 9 ಚಿಹ್ನೆ, ಯುಟಿಎಫ್-8ರಲ್ಲಿ ಒಂದೊಂದಕ್ಕೆ 3ರಂತೆ 27 ಬೈಟ್. ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸ್‌ನಲ್ಲಿ ವರ್‌ಚಾರ್ (ಅಕ್ಷರ ಇಡೋ ಕಾಲಂ) ಅಳತೆ ಚಿಹ್ನೆಗಳ ಲೆಕ್ಕ. ಒರಾಕಲ್‌ನಲ್ಲಿ ಬೇರೆ ಹೇಳದಿದ್ದರೆ ಬೈಟ್ ಲೆಕ್ಕ, ಅಲ್ಲಿ 20 ಅಂತ ಇಟ್ಟರೆ ಲಕ್ಷ್ಮಮ್ಮನಿಗೆ ಜಾಗವಿಲ್ಲ. ಟೇಬಲ್ ಲ್ಯಾಟಿನ್ ಕ್ಯಾರೆಕ್ಟರ್ ಸೆಟ್‌ನಲ್ಲಿದ್ದರೆ ಹೆಸರಿನ ಬದಲು ಪ್ರಶ್ನೆ ಚಿಹ್ನೆಗಳ ಸಾಲು ಬರುತ್ತೆ, ಇಲ್ಲವೇ ಎರರ್. ಟೇಬಲ್ ಮಾಡುವಾಗಲೇ ಯುಟಿಎಫ್‌8ಎಂಬಿ4 ಅಂತ ಕೊಡಿ. 'ಸೂರ್ಯ' ಅಂತ ಅರ್ಕಾವತ್ತಿನಲ್ಲೂ ಬರೀಬಹುದು, 'ಸೂರ‍್ಯ' ಅಂತಲೂ ಬರೀಬಹುದು. ಓದೋರಿಗೆ ಒಂದೇ ಹೆಸರು, ಹುಡುಕೋ ಪ್ರೋಗ್ರಾಂಗೆ ಎರಡು. ಎರಡನೆಯದರಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ಚಿಹ್ನೆ ಇರುತ್ತೆ. ಉಳಿಸುವ ಮುಂಚೆ ಅದನ್ನ ತೆಗೆದ ಒಂದು ರೂಪವನ್ನ ಹುಡುಕಾಟಕ್ಕೆ ಅಂತ ಪಕ್ಕದಲ್ಲಿ ಇಟ್ಟುಕೊಳ್ಳಿ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಆದ ಪಟ್ಟಿ ಸಿಕ್ಕರೆ ಯೂನಿಕೋಡ್‌ಗೆ ಬದಲಾಯಿಸದೆ ಒಳಗೆ ತಗೋಬೇಡಿ. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದು ಬರೀ ಕಸದ ರಾಶಿ.

ಸಾಫ್ಟ್‌ವೇರ್ ಎಂಜಿನಿಯರಿಂಗ್ ಅನ್ನೋ ಹೆಸರು ಬಳಕೆಗೆ ಬಂದದ್ದು 1968ರಲ್ಲಿ ಜರ್ಮನಿಯ ಗಾರ್ಮಿಷ್‌ನಲ್ಲಿ ನಡೆದ ಸಮ್ಮೇಳನದಿಂದ. ದೊಡ್ಡ ಪ್ರೋಗ್ರಾಂಗಳು ಹೇಳಿದ ಹೊತ್ತಿಗೆ ಮುಗಿಯುತ್ತಿರಲಿಲ್ಲ, ಮುಗಿದರೂ ಸರಿಯಾಗಿ ನಡೆಯುತ್ತಿರಲಿಲ್ಲ, ಆ ಚಿಂತೆಗೆ ಸೇರಿದ ಸಭೆ ಅದು. ಪ್ರೋಗ್ರಾಂ ಯಾರ ಕೆಲಸಕ್ಕೆ, ಅವರ ನಿಯಮ ಏನು ಅಂತ ಮೊದಲು ತಿಳಿಯೋದೇ ಈ ವಿಷಯದ ಜೀವ. ಜಮೀನು ದಾಖಲೆಗಳನ್ನ ಕಂಪ್ಯೂಟರ್‌ಗೆ ತಂದ ನಮ್ಮ ರಾಜ್ಯದ 'ಭೂಮಿ' ಯೋಜನೆ ನೋಡಿ. 2000ನೇ ಇಸವಿಯ ಆಸುಪಾಸಿನಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್‌ಗೆ ಬಂತು. ಅದರಲ್ಲಿ ಖಾತೆ ಬದಲಾವಣೆ ಅರ್ಜಿಗೆ ಒಂದು ನಿಯಮ ಇಟ್ಟರು: ಮೊದಲು ಬಂದದ್ದು ಮೊದಲು. ಅರ್ಜಿ ದಾಟಿಸಿ ಹಿಂದಿನದನ್ನ ಮುಂದೆ ತರೋಕೆ ಆಗದ ಹಾಗೆ. ಮೂರನೇ ಸೆಮಿಸ್ಟರ್‌ನಲ್ಲಿ ಕ್ಯೂ ಅಂತ ಇನ್‌ಸರ್ಟ್, ಡಿಲೀಟ್ ಪ್ರೋಗ್ರಾಂ ಬರೀತೀರಲ್ಲ, ಅದೇ ಕ್ಯೂ. ತಾಲ್ಲೂಕು ಕಚೇರಿಯಲ್ಲಿ ಅದು ನ್ಯಾಯ ಆಗುತ್ತೆ.

ಆದ್ದರಿಂದ ಕೊನೇ ವರ್ಷದ ಪ್ರಾಜೆಕ್ಟನ್ನ ಬೆಂಗಳೂರಿಗೆ ಹೋಗಿ ರೆಡಿಮೇಡ್ ಕೊಂಡು ತರಬೇಡಿ. ಅದೇ ಮುಖ ಗುರುತಿಸೋ ಹಾಜರಾತಿ, ಅದೇ ಬೆಳೆ ರೋಗ ಪತ್ತೆ, ಅದೇ ರಿಪೋರ್ಟ್. ದುಡ್ಡೂ ಹೋಯಿತು, ಕಲಿಯೋ ಒಂದು ವರ್ಷವೂ ಹೋಯಿತು. ಡೈರಿ ಬೇಡವಾದರೆ ತಿಪಟೂರಿನ ಕೊಬ್ಬರಿ ಹರಾಜು ಇದೆ, ಊರಿನ ನೀರುಗಂಟಿಯ ಸರದಿ ಲೆಕ್ಕ ಇದೆ, ನ್ಯಾಯಬೆಲೆ ಅಂಗಡಿ ದಾಸ್ತಾನು ಇದೆ. ಬೇಕಾದ್ದರ ಪಟ್ಟಿಯನ್ನ ಮೊದಲು ಕನ್ನಡದಲ್ಲೇ ಬರೆಯಿರಿ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಲ್ಲಿ ಒಂದು ಹೆಜ್ಜೆ ಮುಂದಿರೋ ಅವಕಾಶ, ಯಾಕಂದರೆ ಕೆಲಸ ಮಾಡೋರ ಮಾತು ನಿಮಗೆ ನೇರ ಅರ್ಥ ಆಗುತ್ತೆ. ಇಂಗ್ಲಿಷ್ ರಿಪೋರ್ಟ್ ಆಮೇಲೆ ಮಾಡಿಕೊಳ್ಳಬಹುದು.

ಲ್ಯಾಪ್‌ಟಾಪ್ ಬಗ್ಗೆ ಕೇಳೋರಿಗೆ: ಇಂಥ ಕೆಲಸಕ್ಕೆ 8 ಜಿಬಿ ರ‍್ಯಾಮ್ ನಡೆಯುತ್ತೆ, 16 ಇದ್ದರೆ ನಾಲ್ಕು ವರ್ಷ ನಿಶ್ಚಿಂತೆ, ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಇರಲಿ. ಗ್ರಾಫಿಕ್ಸ್ ಕಾರ್ಡಿಗೆ ಅಂತ ಸಾಲ ಮಾಡಬೇಡಿ. ಗಿಟ್ (ಕೋಡಿನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡೋ ಸಾಧನ) ಮೊದಲ ವರ್ಷವೇ ಕಲಿಯಿರಿ. ಪಾಸ್‌ವರ್ಡ್ ಇರೋ ಫೈಲ್ ಮಾತ್ರ ಅದರೊಳಗೆ ಹಾಕಬೇಡಿ, ಆಮೇಲೆ ಅಳಿಸಿದರೂ ಹಳೇ ಕಮಿಟ್‌ನಲ್ಲಿ (ಹಿಂದೆ ದಾಖಲಾದ ಪ್ರತಿಯಲ್ಲಿ) ಉಳಿದಿರುತ್ತೆ. ಬ್ಯಾಕಪ್ ತೆಗೆದರೆ ಸಾಲದು, ಖಾಲಿ ಕಂಪ್ಯೂಟರ್‌ನಲ್ಲಿ ಅದನ್ನ ರಿಸ್ಟೋರ್ ಮಾಡಿ ಸಾಲುಗಳನ್ನ ಎಣಿಸಿ ನೋಡಿ. ನಿಮ್ಮ ಪ್ರೋಗ್ರಾಂ ತಯಾರಾದಮೇಲೆ ಒಂದು ಪೂರ್ತಿ ಬಟವಾಡೆ ಅವಧಿಗೆ ಡೈರಿಯ ಲೆಕ್ಕದ ಪಕ್ಕದಲ್ಲೇ ಓಡಿಸಿ, ಎಲ್ಲಿ ತಾಳೆ ಬರಲಿಲ್ಲವೋ ಅದನ್ನ ರಿಪೋರ್ಟ್‌ನಲ್ಲಿ ಮುಚ್ಚಿಡದೆ ಬರೆಯಿರಿ.

ಮೊದಲ ದಿನ ಡೈರಿಗೆ ಹೋಗುವಾಗ ಲ್ಯಾಪ್‌ಟಾಪ್ ಒಯ್ಯಬೇಡಿ, ನೋಟ್‌ಬುಕ್ ಪೆನ್ ಸಾಕು. ಹಿಂದಿನ ಸಂಜೆಯೇ ಕಾರ್ಯದರ್ಶಿಯವರಿಗೆ ಹೇಳಿ ಒಪ್ಪಿಗೆ ಪಡೆಯಿರಿ. ರಿಜಿಸ್ಟರ್ ಪುಟದ ಫೋಟೋ ಬೇಕಿದ್ದರೆ ಹೆಸರು ಮತ್ತು ಖಾತೆ ನಂಬರ್ ಮೇಲೆ ಕಾಗದ ಇಟ್ಟು ತೆಗೆಯಿರಿ. ಏಳು ದಿನ, ಎರಡೂ ಹೊತ್ತು ನೋಡಿ. ಭಾನುವಾರ, ಹಬ್ಬದ ದಿನ ಲೆಕ್ಕ ಬೇರೆಯೇ ಇರುತ್ತೆ. ಹಾಲು ಹಾಕೋರ ಸಾಲಿಗೆ ಅಡ್ಡ ನಿಲ್ಲಬೇಡಿ. ಪ್ರಶ್ನೆ ಏನಿದ್ದರೂ ಹಾಲಿನ ಗಾಡಿ ಹೊರಟಮೇಲೆ ಕೇಳಿ, ಆಗ ಅವರಿಗೂ ಪುರುಸೊತ್ತು ಇರುತ್ತೆ.