ಮೂರು ತಾಸು, ಬಿಡಿಯಾಗಿ

ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಬಜಾರಿಗೆ ಹೋದರೆ ಏನು ಬೇಕಾದರೂ ಬಿಡಿಯಾಗಿ ಸಿಗುತ್ತದೆ. 2019ರಲ್ಲಿ ಜಿಐ (ಭೌಗೋಳಿಕ) ಗುರುತು ಪಡೆದ ನಮ್ಮ ತೊಗರಿ ಬೇಳೆಯನ್ನು ಪಾವು ಕಿಲೋ ಕೊಡಿ ಅಂದರೂ ಅಂಗಡಿಯವರು ಮುಖ ಸಿಂಡರಿಸುವುದಿಲ್ಲ. ಜೋಳದ ರೊಟ್ಟಿ ಎರಡೇ ಸಾಕು ಅಂದರೆ ಎರಡೇ ಕಟ್ಟಿಕೊಡುತ್ತಾರೆ. ಇಂಥ ಊರಿನಲ್ಲಿ ಕೂಸು ನೋಡಿಕೊಳ್ಳುವ ಮೂರು ತಾಸು ಮಾತ್ರ ಬಿಡಿಯಾಗಿ ಸಿಗುವುದಿಲ್ಲ. ಬೇಕಿದ್ದರೆ ಇಡೀ ಚೀಲ ಒಯ್ಯಿರಿ.

ನಾನು ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ಚಹಾ ಮಾತ್ರ ಸ್ವಂತ ಖರ್ಚಿನದು. ಸೋಮವಾರ, ಗುರುವಾರ 10ರಿಂದ 1. ಬುಧವಾರವೂ ಬೆಳಿಗ್ಗೆಯೇ. ಶನಿವಾರ ಪ್ರಿನ್ಸಿಪಾಲರ ಮರ್ಜಿ. ಹೆಂಡತಿ ಸರ್ಕಾರಿ ಕಚೇರಿಯಲ್ಲಿ, 10ರಿಂದ 5.30. ಮಗಳಿಗೆ ಒಂದು ವರ್ಷ ಒಂಬತ್ತು ತಿಂಗಳು. ಓಡಲು ಬರುತ್ತದೆ, ನಿಲ್ಲಲು ಬರುವುದಿಲ್ಲ. ಅವ್ವ ಇದ್ದಾಳಲ್ಲ ಅನ್ನಬೇಡಿ. ಅವಳಿಗೆ ಆಳಂದದ ಕಡೆ ಹಳ್ಳಿಯಲ್ಲಿ ಎರಡು ಎಮ್ಮೆ. ಇಲ್ಲಿಗೆ ಬಂದು ಮೂರನೇ ದಿನಕ್ಕೆ ಮೊಮ್ಮಗಳನ್ನು ಎಮ್ಮೆಯ ಹೆಸರಿನಿಂದ ಕರೆಯಲು ಶುರು ಮಾಡುತ್ತಾಳೆ. ನಾಲ್ಕನೇ ದಿನ ಬಸ್ಸು.

ಮೊದಲು ಒಂದು ಪ್ಲೇ ಹೋಂಗೆ ಹೋದೆ. ಗೋಡೆ ತುಂಬ ಆನೆ, ಜಿರಾಫೆ. ವಾರಕ್ಕೆ ಮೂರು ದಿನ, ದಿನಕ್ಕೆ ಮೂರು ತಾಸು ಸಾಕು ಅಂದೆ. ಮೇಡಂ ನಕ್ಕರು. ಬರುವುದು ಮೂರು ದಿನವಾದರೂ ಫೀ ಇಡೀ ತಿಂಗಳದ್ದು, ಅದೂ ಎರಡೂವರೆ ವರ್ಷ ತುಂಬಿ, ಬಾತ್‌ರೂಮಿಗೆ ಹೋಗಬೇಕು ಅಂತ ಹೇಳಲು ಬಂದರೆ ಮಾತ್ರ! ಹಾಗೆ ಹೇಳಲು ಬರುವ ಮಗುವಾಗಿದ್ದರೆ ನನಗೆ ಇಷ್ಟು ತೊಂದರೆಯೇ ಇರುತ್ತಿರಲಿಲ್ಲ ಅಲ್ವಾ?

ಓಣಿಯ ಅಂಗನವಾಡಿ ಟೀಚರ್ ಒಳ್ಳೆಯವರು. ‘ಮೂರು ತುಂಬಲಿ ಸರ್, ನಾನೇ ಬಂದು ಕರಕೊಂಡು ಹೋಗ್ತೀನಿ’ ಅಂದರು. ಅಲ್ಲಿ ಕೂತು ಆಡುವುದು, ಕಲಿಯುವುದು 3ರಿಂದ 6 ವರ್ಷದವರಿಗೆ. ಅದಕ್ಕಿಂತ ಸಣ್ಣವರಿಗೆ ಮನೆಗೇ ಪೌಷ್ಟಿಕ ಆಹಾರ. ಪೊಟ್ಟಣ ಬರುತ್ತದೆ, ಹಿಡಿದುಕೊಳ್ಳುವ ಕೈ ಬರುವುದಿಲ್ಲ. ಹಳ್ಳಿಯಲ್ಲಾದರೆ ಉದ್ಯೋಗ ಖಾತ್ರಿ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗೆ ಪಂಚಾಯಿತಿಯಿಂದ ‘ಕೂಸಿನ ಮನೆ’ ಇದೆ. ಎಂಥ ಚೆಂದದ ಹೆಸರು! ಆದರೆ ಅತಿಥಿ ಉಪನ್ಯಾಸಕರು ಕೆರೆಯ ಹೂಳು ಎತ್ತುವುದಿಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಕಡೆ ಕೂಸುಗಳಿಗೆ ಜಾಗ ಇರಬೇಕು ಅಂತ 2017ರಲ್ಲೇ ಕಾನೂನು ತಿದ್ದಿದ್ದಾರೆ. ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಅತಿಥಿಗಳನ್ನು ಎಣಿಸಬೇಕೋ ಬೇಡವೋ ಅನ್ನುವುದೇ ಒಂದು ಚರ್ಚೆ.

ಕೊನೆಗೆ ಪರಿಚಯದವರು ಒಬ್ಬ ಆಯಿಯನ್ನು ಕಳಿಸಿದರು. ಮನೆಮನೆಗೆ ಹೋಗಿ ರೊಟ್ಟಿ ಬಡಿಯುವವರು. ಪಡಸಾಲೆಯಲ್ಲಿ ಕೂತು ಮಗಳನ್ನು ತಲೆಯಿಂದ ಕಾಲಿನ ತನಕ ನೋಡಿದರು. ಮಗಳೂ ಅವರನ್ನು ಹಾಗೇ ನೋಡಿದಳು. ತಾಸಿಗೆ ಎಷ್ಟು ಕೊಡಬೇಕು ಅಂತ ಕೇಳಿದೆ.

‘ರೊಟ್ಟಿ ಆದ್ರ ಎಣಿಸಿ ತೊಗೋತೀನ್ರಿ ಸರ್. ಇದನ್ನ ಹ್ಯಾಂಗ ಎಣಿಸೂದು?’ ಅಂದರು. ‘ತಾಸಿನ ಲೆಕ್ಕ’ ಅಂದೆ. ‘ನಿಮಗ ತಾಸು ತಿಳೀತದ. ಕೂಸಿಗೆ ತಿಳೀಬೇಕಲ್ರಿ? ಒಂದು ಹೊಡೀತು ಅಂತ ಕೆಳಗಿಟ್ಟು ಹೋಗಾಕ ಬರ್ತದೇನು?’

ನಾನು ಸುಮ್ನೆ ಕೂತೆ. ಎಂ.ಎ. ಓದುವಾಗ ಶ್ರಮದ ಬೆಲೆ ಅಂತ ಒಂದು ಇಡೀ ಪೇಪರ್ ಬರೆದಿದ್ದೆ. ಅದರಲ್ಲಿ ಈ ಪ್ರಶ್ನೆ ಬಂದಿರಲಿಲ್ಲ. ಆಯಿ ಚಹಾ ಕುಡಿದು, ‘ರೊಟ್ಟಿ ಬೇಕಾದ್ರ ಹೇಳ್ರಿ’ ಅಂದು ಹೋದರು. ಆಗಿನಿಂದ ನಮ್ಮ ಮನೆಗೆ ದಿನಾ 10 ರೊಟ್ಟಿ ಬರುತ್ತಿವೆ.

ಸಮಸ್ಯೆ ಬಗೆಹರಿಸಿದ್ದು ಮಗಳೇ. ಕೆಳಗಿನ ಮನೆಯಲ್ಲಿ ಖಾಲಾ, ಅಂದರೆ ಉರ್ದುವಿನ ಚಿಕ್ಕಮ್ಮ, ಒಬ್ಬರೇ ಇರುತ್ತಾರೆ. ಅವರ ಮನೆಗೆ ಶಾಬಾದ್ ಕಲ್ಲಿನ ನೆಲ. ನಮ್ಮದು ಮಾಲೀಕರು ಹೆಮ್ಮೆಯಿಂದ ಹಾಕಿಸಿದ ಟೈಲ್ಸ್, ಜಾರುವುದಕ್ಕೆ ಮಾತ್ರ ಚೆಂದ. ಫೆಬ್ರುವರಿ ಮುಗಿಯುವಾಗ ಬಿಸಿಲು ಕಾಯತೊಡಗಿತು. ಒಂದು ದಿನ ಮಗಳು ಕಾಣಲಿಲ್ಲ. ಮನೆಯೆಲ್ಲಾ ಹುಡುಕಿ, ಎದೆ ಹೊಡೆದುಕೊಂಡು ಕೆಳಗೆ ಓಡಿದರೆ ಖಾಲಾನ ಮನೆಯ ತಣ್ಣನೆಯ ಕಲ್ಲಿನ ಮೇಲೆ ಬೋರಲು ಮಲಗಿದ್ದಾಳೆ, ಬೆಕ್ಕಿನ ಮರಿಯ ಹಾಗೆ. ‘ಇರ್ಲಿ ಬಿಡ್ರಿ ಸಾಬ್’ ಅಂದರು ಖಾಲಾ.

ಅದೇ ಒಪ್ಪಂದ. ಬೇರೆ ಮಾತೇ ಆಗಲಿಲ್ಲ. ದುಡ್ಡು ಹಿಡಿದುಕೊಂಡು ಹೋದರೆ ಬೈದು ಕಳಿಸಿದರು. ಹಾಗಂತ ಪುಕ್ಕಟೆಯೂ ಅಲ್ಲ. ಈಗ ಅವರ ಗ್ಯಾಸ್ ಬುಕ್ ಮಾಡುವುದು ನಾನು. ಬಿಪಿ ಮಾತ್ರೆ ತರುವುದು ನಾನು. ನವೆಂಬರಿನಲ್ಲಿ ಪಿಂಚಣಿಗೆ ಬದುಕಿದ್ದೇನೆ ಅಂತ ಪ್ರಮಾಣಪತ್ರ ಕೊಡಬೇಕಲ್ಲ, ಅದಕ್ಕೆ ಬ್ಯಾಂಕಿಗೆ ಕರೆದುಕೊಂಡು ಹೋಗುವುದೂ ನನ್ನ ತಲೆಗೆ ಈಗಲೇ ಬಂದಿದೆ. ಲೆಕ್ಕ ಹಾಕಿದರೆ ಪ್ಲೇ ಹೋಮೇ ಅಗ್ಗ ಅಂತ ಹೆಂಡತಿ ಚುಡಾಯಿಸುತ್ತಾಳೆ. ಮಗಳು ಮಾತ್ರ ಎರಡು ಭಾಷೆಯಲ್ಲಿ ಒಟ್ಟು 11 ಶಬ್ದ ಕಲಿತಿದ್ದಾಳೆ. ನೀರಿಗೆ ‘ಪಾನಿ’, ಬೇಡ ಅನ್ನುವುದಕ್ಕೆ ‘ಬ್ಯಾಡ’.

ಏಪ್ರಿಲ್ ಬಂತು. ಬಿಸಿಲಿಗೆ ಹೆದರಿ ನಮ್ಮ ಭಾಗದ ಸರ್ಕಾರಿ ಕಚೇರಿಗಳು ಎರಡು ತಿಂಗಳು ಬೆಳಿಗ್ಗೆ 8ರಿಂದ 1.30ಕ್ಕೆ ಬದಲಾಗುತ್ತವೆ. ಹೆಂಡತಿ 2 ಗಂಟೆಗೆ ಮನೆಗೆ. ಅದೇ ಹೊತ್ತಿಗೆ ನನ್ನ ತರಗತಿಗಳನ್ನು ಮಧ್ಯಾಹ್ನಕ್ಕೆ ತಳ್ಳಿದರು. ಊರೆಲ್ಲಾ ನೆರಳಿಗೆ ಸರಿಯುವಾಗ ಅತಿಥಿ ಬಿಸಿಲಿಗೆ! ಇರಲಿ. ಬೆಳಿಗ್ಗೆ ನಾನೇ ಮನೆಯಲ್ಲಿ, ಮೇ ಮುಗಿಯುವ ತನಕ ಯಾರ ಹಂಗೂ ಇಲ್ಲ ಅಂದುಕೊಂಡೆ.

ಮೊದಲ ದಿನ 10 ಗಂಟೆಗೆ ಮಗಳು ಚಪ್ಪಲಿ ಎಡಬಲ ತಿರುವಿ ಹಾಕಿಕೊಂಡು ಬಾಗಿಲ ಬಳಿ ನಿಂತಳು. ಇವತ್ತು ಹೋಗೋದು ಬೇಡ, ಅಪ್ಪ ಮನೆಯಲ್ಲೇ ಇದ್ದಾನೆ ಅಂದೆ. ‘ಬ್ಯಾಡ’ ಅಂದಳು. ಬೇಡವಾಗಿದ್ದು ಅಪ್ಪ ಅಂತ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕೆಳಗಿನಿಂದ ಖಾಲಾನ ಕೂಗು: ‘ಟೈಮ್ ಆಗ್ಯದ, ಕೂಸು ಯಾಕ ಬಂದಿಲ್ಲ?’

ಈಗ ದಿನಾ 10ರಿಂದ 1ರ ತನಕ ನಾವಿಬ್ಬರೂ ಖಾಲಾನ ಮನೆಯಲ್ಲೇ. ಮಗಳು ಕಲ್ಲಿನ ಮೇಲೆ ಉರುಳಾಡುತ್ತಾಳೆ. ನನ್ನ ಮುಂದೆ ಒಂದು ಮೊರ ತೊಗರಿ ಬೇಳೆ ಇಟ್ಟು, ಕಲ್ಲು ಆರಿಸಲು ಹಚ್ಚಿದ್ದಾರೆ.