ಇಎಂಎಸ್ ಅಂದರೆ ಬರೀ ಉಗ್ಗಿನ ಜೋಕಾ?

ನಿನ್ನೆ ಒಂದು ಸಭೆಗೆ ಹೋಗಿದ್ದೆ. ಕೇರಳದ ಕಮ್ಯುನಿಸ್ಟ್ ನಾಯಕ ಇ.ಎಂ.ಎಸ್. ನಂಬೂದಿರಿಪಾಡ್ ಬಗ್ಗೆ ಉಪನ್ಯಾಸ. ಭಾಷಣಕಾರರು ಮೈಕ್ ಹಿಡಿದು ಐದು ನಿಮಿಷ ಆಗಿಲ್ಲ, ಬಂತು ನೋಡಿ ಅದೇ ಜೋಕು. ಯಾರೋ ಕೇಳಿದರಂತೆ, 'ನೀವು ಯಾವಾಗಲೂ ಉಗ್ಗುತ್ತೀರಾ?' ಅದಕ್ಕೆ ಇಎಂಎಸ್, 'ಇಲ್ಲ, ಮಾತಾಡುವಾಗ ಮಾತ್ರ.' ಸಭೆ ಗೊಳ್ಳೆಂದು ನಕ್ಕಿತು. ನಾನು ನಗಲಿಲ್ಲ. ಯಾಕೆ ಅಂತ ನನ್ನ ಜೊತೆ ಫೋನಲ್ಲಿ ಮಾತಾಡಿದವರಿಗೆಲ್ಲ ಗೊತ್ತು. 'ಹಲೋ' ಹೇಳುವಷ್ಟರಲ್ಲಿ ಆ ಕಡೆಯವರು ಕಟ್ ಮಾಡಿರ್ತಾರೆ.

ಜೋಕಿನ ಮೇಲೆ ಸಿಟ್ಟಿಲ್ಲ. ಒಳ್ಳೆಯ ಉತ್ತರವೇ. ಆದರೆ ಆಮೇಲೆ ಬಂದದ್ದೇನು? ಆಸ್ತಿಯನ್ನೆಲ್ಲ ಪಕ್ಷಕ್ಕೆ ಕೊಟ್ಟರು, ಸರಳವಾಗಿ ಬದುಕಿದರು, 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದರು. ಚಪ್ಪಾಳೆ. ಚಹಾ. ಇಡೀ ಆಯುಷ್ಯ ಓದಿ, ಬರೆದು, ಜಗಳ ಆಡಿದ ಮನುಷ್ಯನ ತಲೆಯೊಳಗೆ ಏನಿತ್ತು ಅನ್ನೋದು ಒಂದೂವರೆ ಗಂಟೆಯಲ್ಲಿ ಒಂದು ಸಲವೂ ಬರಲಿಲ್ಲ!

ಒಂದು ಉದಾಹರಣೆ ಹೇಳ್ತೀನಿ. ಇಎಂಎಸ್ ಹುಟ್ಟಿದ್ದು 1909ರಲ್ಲಿ, ಕೇರಳದ ಏಲಂಕುಳದ ದೊಡ್ಡ ಜನ್ಮಿ, ಅಂದರೆ ಜಮೀನ್ದಾರರ, ಮನೆಯಲ್ಲಿ. ಗೇಣಿ ಬರುವ ಮನೆ, ಕೊಡುವ ಮನೆಯಲ್ಲ. 1939ರಲ್ಲಿ ಮದ್ರಾಸ್ ವಿಧಾನಸಭೆಗೆ ಹೋದರು. ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಲಬಾರಿನ (ಉತ್ತರ ಕೇರಳ) ಗೇಣಿ ಸಮಸ್ಯೆ ನೋಡಲು ಸರ್ಕಾರ ಮಾಡಿದ ಸಮಿತಿಯಲ್ಲಿ ಸದಸ್ಯರಾದರು. ಉಳಿದವರ ವರದಿ ಒಪ್ಪದೆ ಬೇರೆಯೇ ಭಿನ್ನಮತದ ಟಿಪ್ಪಣಿ ಬರೆದರು. ಜನ್ಮಿ ಪದ್ಧತಿಯೇ ಹೋಗಬೇಕು ಅನ್ನೋದು ಅದರ ವಾದ. ಸ್ವಲ್ಪ ಊಹಿಸಿಕೊಳ್ಳಿ: ಅಪ್ಪ-ಅಜ್ಜಂದಿರು ಕೂತು ಉಂಡ ಅನ್ನದ ಲೆಕ್ಕವನ್ನೇ ತೆಗೆದು ಮೇಜಿನ ಮೇಲೆ ಇಡೋದು! 1957ರ ಏಪ್ರಿಲ್ 5ಕ್ಕೆ ಅಧಿಕಾರಕ್ಕೆ ಬಂದರು, 11ನೇ ತಾರೀಕು ಗೇಣಿದಾರರನ್ನು ಒಕ್ಕಲೆಬ್ಬಿಸಬಾರದು ಅಂತ ಸುಗ್ರೀವಾಜ್ಞೆ. ಆರೇ ದಿನ. ಹೇಗೆ ಸಾಧ್ಯವಾಯ್ತು? ಹದಿನೆಂಟು ವರ್ಷದ ಹಿಂದಿನಿಂದ ಇದೇ ತಲೆಯಲ್ಲಿತ್ತು, ಅದಕ್ಕೆ. 1959ರ ಜುಲೈ 31ಕ್ಕೆ ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು, ಅದು ಬೇರೆ ಕಥೆ.

ಕೋರ್ಟಿನ ಕಥೆ ಇನ್ನೂ ಚೆನ್ನಾಗಿದೆ. ಎರಡನೇ ಸಲ ಮುಖ್ಯಮಂತ್ರಿಯಾಗಿದ್ದಾಗ, 1967ರಲ್ಲಿ, ಪತ್ರಿಕಾಗೋಷ್ಠಿಯಲ್ಲಿ ಕೂತು ಹೇಳಿದರು: ಹೊಟ್ಟೆ ಬಂದ, ಒಳ್ಳೆ ಬಟ್ಟೆಯ ಶ್ರೀಮಂತ ಒಂದು ಕಡೆ, ಅಕ್ಷರ ಬಾರದ ಬಡವ ಇನ್ನೊಂದು ಕಡೆ ನಿಂತರೆ, ಸಾಕ್ಷ್ಯ ಸಮಸಮ ಇದ್ದಾಗ ಜಡ್ಜ್ ಮನಸ್ಸು ತಾನಾಗೇ ಶ್ರೀಮಂತನ ಕಡೆ ವಾಲುತ್ತೆ ಅಂತ. ನ್ಯಾಯಾಂಗ ನಿಂದನೆ ಕೇಸಾಯ್ತು. ಹೈಕೋರ್ಟ್ 1000 ರೂಪಾಯಿ ದಂಡ ಹಾಕಿತು. 1970ರಲ್ಲಿ ಸುಪ್ರೀಂ ಕೋರ್ಟ್ ಅದನ್ನು 50 ರೂಪಾಯಿಗೆ ಇಳಿಸಿತು. ಮಜಾ ಇರೋದು ಆ ತೀರ್ಪಿನಲ್ಲಿ. ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಮಾರ್ಕ್ಸ್, ಎಂಗೆಲ್ಸರನ್ನು ಬಿಡಿಸಿಟ್ಟು, ನಿಮಗೆ ಅವರು ಸರಿಯಾಗಿ ಅರ್ಥ ಆಗಿಲ್ಲ ಅಂತ ಇಎಂಎಸ್‌ಗೆ ಪಾಠ ಹೇಳಿದರು! ಇದು ಜೋಕಿಗಿಂತ ಹತ್ತು ಪಾಲು ಜಾಸ್ತಿ ನಗು ಬರೋ ಸಂಗತಿ ಅಲ್ವಾ? ಆದರೆ ಹೇಳೋಕೆ ಓದಿರಬೇಕಲ್ಲ.

ಗೆಳೆಯನೊಬ್ಬ ಹೊರಗೆ ಬಂದ ಮೇಲೆ ಹೇಳಿದ, 'ಮಾರಾಯ, ಜೋಕಿನಿಂದಲಾದರೂ ಜನ ಹೆಸರು ನೆನಪಿಟ್ಟುಕೊಂಡಿದ್ದಾರಲ್ಲ, ಬಿಡು.' ಸರಿಯಪ್ಪ. 1998ರ ಮಾರ್ಚಿನಲ್ಲಿ ತೀರಿಕೊಂಡವರ ಹೆಸರು ಇನ್ನೂ ಉಳಿದಿದೆ. ಹೆಸರು ಮಾತ್ರ ಉಳಿದರೆ ಅದು ಬೋರ್ಡು. 'ಚಿಂತ' ಅನ್ನೋ ಮಲಯಾಳಂ ವಾರಪತ್ರಿಕೆಯಲ್ಲಿ ವರ್ಷಗಟ್ಟಲೆ ಓದುಗರ ಪ್ರಶ್ನೆಗೆ ಕೂತು ಉತ್ತರ ಬರೆದ ಮನುಷ್ಯ ಅವರು. ಅವರನ್ನು ಪ್ರಶ್ನೆ ಕೇಳಬಾರದ ದೇವರು ಮಾಡಿ ಕೂರಿಸಿದ್ದೀರಿ.

ಪ್ರಶ್ನೆ ಅಂದೆನಲ್ಲ. ಕೊನೆಗೆ 'ಯಾರಾದರೂ ಏನಾದರೂ ಕೇಳ್ತೀರಾ' ಅಂದಾಗ ನಾನೂ ಎದ್ದು ನಿಂತೆ. ಮೊದಲ ಶಬ್ದವೇ ಗಂಟಲಲ್ಲಿ ಸಿಕ್ಕಿಕೊಂಡಿತು. ಹಿಂದಿನಿಂದ ಯಾರೋ 'ಇವರೂ ಇಎಂಎಸ್ಸೇ' ಅಂದರು. ಮತ್ತೆ ನಗು. ಭಾಷಣಕಾರರೂ ನಕ್ಕರು. ಕೂತುಬಿಟ್ಟೆ. ರಾತ್ರಿ ನಿದ್ದೆ ಬರಲಿಲ್ಲ, ಸುಳ್ಳು ಯಾಕೆ ಹೇಳಲಿ.

ಬರೆಯುವಾಗ ನನಗೆ ಉಗ್ಗು ಬರಲ್ಲ. ಹಾಗಾಗಿ ಕೇಳಬೇಕಿದ್ದದ್ದು ಇಲ್ಲಿದೆ, ಸಾರ್. ಜಾತಿ ವ್ಯವಸ್ಥೆ ಅದರ ಕಾಲಕ್ಕೆ ಕೇರಳದ ಸಮಾಜವನ್ನು ಒಂದು ಹೆಜ್ಜೆ ಮುಂದೆ ತಂದಿತು ಎನ್ನುವ ಅರ್ಥದಲ್ಲಿ ಇಎಂಎಸ್ ಬರೆದರು. ದಲಿತ ಚಿಂತಕರು ಅದನ್ನು ಬಿಡದೆ ಟೀಕಿಸಿದ್ದಾರೆ. ಭೂಸುಧಾರಣೆಯಲ್ಲೂ ಗೇಣಿದಾರನಿಗೆ ಹೊಲ ಸಿಕ್ಕಿತು, ಆ ಹೊಲದಲ್ಲಿ ಕೂಲಿ ಮಾಡುತ್ತಿದ್ದ ದಲಿತನಿಗೆ ಹೆಚ್ಚಾಗಿ ಸಿಕ್ಕಿದ್ದು ಗುಡಿಸಲಿನ ಸುತ್ತ ಕೆಲವೇ ಸೆಂಟ್ಸ್ ಜಾಗ. ಈ ಎರಡಕ್ಕೂ ನಂಟಿದೆಯಾ, ಇಲ್ಲವಾ?