ಎಬಿ ತಗೊಳ್ಳಲಾ, ಬಿಸಿ ತಗೊಳ್ಳಲಾ ಅಪ್ಪಾ?

ಫೆಬ್ರವರಿ ಬಂತೆಂದರೆ ನಮ್ಮ ಮನೆಯ ಊಟದ ಮೇಜಿನ ಮೇಲೆ ಒಂದು ಹಾಳೆ ಬಂದು ಕೂರುತ್ತದೆ. ಮುಂದಿನ ವರ್ಷ ಯಾವ ಯಾವ ವಿಷಯ ಓದುತ್ತೀರಿ ಎಂದು ಹೈಸ್ಕೂಲಿನವರು ಕೇಳುವ ಹಾಳೆ. ಇಂಗ್ಲಿಷು, ಸೈನ್ಸು ಎಲ್ಲ ಐದು ನಿಮಿಷದಲ್ಲಿ ಮುಗಿಯುತ್ತದೆ. ಗಣಿತದ ಸಾಲಿಗೆ ಬಂದ ಕೂಡಲೇ ಪೆನ್ನು ನಿಲ್ಲುತ್ತದೆ. ಈ ಸಲ ಮಗಳು ಕೇಳಿದಳು: "ಎಬಿ ತಗೊಳ್ಳಲಾ, ಬಿಸಿ ತಗೊಳ್ಳಲಾ ಅಪ್ಪಾ?" ಎಬಿ, ಬಿಸಿ ಅಂದರೆ ಅಮೆರಿಕದ ಹೈಸ್ಕೂಲಿನಲ್ಲಿ ಓದುವ ಕ್ಯಾಲ್ಕುಲಸ್‌ನ ಎರಡು ಬಗೆ. ಬಿಸಿಯಲ್ಲಿ ಪಾಠ ಜಾಸ್ತಿ.

ಮೂರು ವರ್ಷದ ಹಿಂದೆ ಅವಳ ಅಣ್ಣ ಹೀಗೆ ಕೇಳಲಿಲ್ಲ. ಕೇಳುವುದಕ್ಕೆ ನಾನು ಬಿಡಲಿಲ್ಲ. ನಾನೇ ಬಿಸಿ ಎಂದು ಗುರುತು ಹಾಕಿ ಸಹಿ ಮಾಡಿದ್ದೆ.

ನಾನು ದಾವಣಗೆರೆಯಲ್ಲಿ ಪಿಯುಸಿ ಓದಿದವನು. ಎಸ್ಸೆಸ್ಸೆಲ್ಸಿ ಆದಮೇಲೆ ನಮ್ಮ ಮುಂದೆ ಇದ್ದದ್ದು ಒಂದೇ ಪ್ರಶ್ನೆ: ಸೈನ್ಸಾ, ಕಾಮರ್ಸಾ, ಆರ್ಟ್ಸಾ? ಸೈನ್ಸ್ ಅಂದರೆ ಪಿಸಿಎಂಬಿ. ಅದರೊಳಗೆ ಗಣಿತ ಎಲ್ಲರಿಗೂ ಒಂದೇ. ಒಂದೇ ಪುಸ್ತಕ, ಒಂದೇ ಪ್ರಶ್ನೆಪತ್ರಿಕೆ. ಮುಂದೆ ಐಐಟಿಗೆ ಹೋದವನೂ, ಕಷ್ಟಪಟ್ಟು ಪಾಸಾದವನೂ ಒಂದೇ ಬೆಂಚಿನಲ್ಲಿ ಕೂತಿದ್ದರು. ಗಣಿತ ಬೇಕಾ ಬೇಡವಾ ಎಂದು ಕೇಳಿದವರುಂಟು. ಎಷ್ಟು ಆಳದ ಗಣಿತ ಬೇಕು ಎಂದು ಯಾರೂ ಕೇಳಲಿಲ್ಲ.

ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆ ಪ್ರಶ್ನೆ ಆರನೇ ಕ್ಲಾಸಿಗೇ ಶುರುವಾಗುತ್ತದೆ. ಅಲ್ಜೀಬ್ರಾ 1, ಜಾಮೆಟ್ರಿ, ಅಲ್ಜೀಬ್ರಾ 2, ಪ್ರಿಕ್ಯಾಲ್ಕುಲಸ್, ಆಮೇಲೆ ಕ್ಯಾಲ್ಕುಲಸ್. ವರ್ಷಕ್ಕೊಂದು ಮೆಟ್ಟಿಲು. 12ನೇ ಕ್ಲಾಸಿನಲ್ಲಿ ಕ್ಯಾಲ್ಕುಲಸ್ ಮುಟ್ಟಬೇಕಾದರೆ 8ರಲ್ಲೇ ಅಲ್ಜೀಬ್ರಾ 1 ಮುಗಿದಿರಬೇಕು. ಇಲ್ಲದಿದ್ದರೆ ಬೇಸಿಗೆ ರಜೆಯಲ್ಲಿ ಒಂದು ಮೆಟ್ಟಿಲು ಹತ್ತಬೇಕು, ಅಥವಾ ಒಂದೇ ವರ್ಷ ಎರಡು ಓದಬೇಕು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೋದ ಸರ್ಕಾರಿ ಶಾಲೆಗಳು 2014ರಲ್ಲಿ ಅಲ್ಜೀಬ್ರಾ 1 ಅನ್ನು 8ನೇ ಕ್ಲಾಸಿನಿಂದ ತೆಗೆದು 9ಕ್ಕೆ ಹಾಕಿದವು. ಎಲ್ಲ ಮಕ್ಕಳೂ ಒಟ್ಟಿಗೆ ಸಾಗಲಿ ಎಂಬ ಉದ್ದೇಶ. ತಂದೆತಾಯಿಯರ ಜಗಳ ಹತ್ತು ವರ್ಷ ನಡೆಯಿತು. ಕೊನೆಗೆ 2024ರ ಮಾರ್ಚಿನಲ್ಲಿ ಊರಿನವರು ಮತ ಹಾಕಿ, ಅದನ್ನು 8ಕ್ಕೇ ವಾಪಸ್ ತನ್ನಿ ಅಂದರು. ಒಂದು ಗಣಿತದ ಪಾಠ ಯಾವ ಕ್ಲಾಸಿನಲ್ಲಿರಬೇಕು ಎಂಬುದು ಮತಪೆಟ್ಟಿಗೆಯವರೆಗೆ ಹೋಯಿತು ಅಂದರೆ ನೋಡಿ.

ಈ ಮೆಟ್ಟಿಲುಗಳ ತುದಿಯಲ್ಲಿ ಇರುವುದೇ ಎಪಿ (ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅಂದರೆ ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ) ಕ್ಯಾಲ್ಕುಲಸ್. ಅದರಲ್ಲಿ ಎರಡು ಬಗೆ. ಎಬಿಯಲ್ಲಿ ಎಂಟು ಘಟಕ: ಲಿಮಿಟ್, ಡೆರಿವೇಟಿವ್ (ಬದಲಾಗುವ ವೇಗ), ಇಂಟಿಗ್ರಲ್ (ಕೂಡುತ್ತಾ ಹೋದ ಒಟ್ಟು ಮೊತ್ತ) ಮತ್ತು ಅವುಗಳ ಬಳಕೆ. ಬಿಸಿಯಲ್ಲಿ ಅದೆಲ್ಲವೂ ಇದ್ದು, ಮೇಲೆ ಇನ್ನೆರಡು ಘಟಕ: ಪ್ಯಾರಾಮೆಟ್ರಿಕ್ ಮತ್ತು ಪೋಲಾರ್ (ವಕ್ರರೇಖೆಗಳನ್ನು ಬರೆಯುವ ಬೇರೆ ರೀತಿಗಳು) ಒಂದು, ಅನಂತ ಶ್ರೇಣಿಗಳದ್ದು (ಕೊನೆಯಿಲ್ಲದೆ ಕೂಡುತ್ತಾ ಹೋಗುವ ಸಂಖ್ಯೆಗಳು) ಇನ್ನೊಂದು. ಯಾವುದನ್ನು ತಗೊಂಡರೂ ಒಂದೇ ಶಾಲಾ ವರ್ಷದಲ್ಲಿ ಮುಗಿಯಬೇಕು. ಮೇ ತಿಂಗಳಲ್ಲಿ ಪರೀಕ್ಷೆ, 1ರಿಂದ 5ರವರೆಗೆ ಅಂಕ. ಬಿಸಿ ಬರೆದವರಿಗೆ ಎಬಿ ಭಾಗದ ಅಂಕವನ್ನೂ ಬೇರೆಯಾಗಿ ಕೊಡುತ್ತಾರೆ. ಸಾಮಾನ್ಯವಾಗಿ ಎಬಿ ಅಂದರೆ ಕಾಲೇಜಿನ ಒಂದು ಸೆಮಿಸ್ಟರ್, ಬಿಸಿ ಅಂದರೆ ಎರಡು ಎಂದು ಲೆಕ್ಕ. ಆದರೆ ಒಂದೊಂದು ಕಾಲೇಜಿನಲ್ಲಿ ಒಂದೊಂದು ನಿಯಮ.

ನಮ್ಮವರಿಗೆ ಎಬಿ ಅಂದರೆ ಸ್ವಲ್ಪ ತಾತ್ಸಾರ. ಭಾನುವಾರದ ಕನ್ನಡ ತರಗತಿಗೆ ಮಕ್ಕಳನ್ನು ಬಿಟ್ಟು ಹೊರಗೆ ಕಾಫಿ ಕುಡಿಯುತ್ತಾ ನಿಂತಾಗ ಈ ಮಾತು ಎಷ್ಟು ಸಲ ಕೇಳಿದ್ದೇನೋ: "ಎಬಿ ನಮ್ಮ ಪಿಯುಸಿಗಿಂತ ಕಡಿಮೆ ಕಣ್ರೀ." ಅದರಲ್ಲಿ ಸ್ವಲ್ಪ ನಿಜವೂ ಇದೆ. ಇಂಟಿಗ್ರೇಷನ್ ಬೈ ಪಾರ್ಟ್ಸ್, ಪಾರ್ಷಿಯಲ್ ಫ್ರ್ಯಾಕ್ಷನ್ಸ್ ಎಂಬ ಇಂಟಿಗ್ರಲ್ ಬಿಡಿಸುವ ವಿಧಾನಗಳು ಸೆಕೆಂಡ್ ಪಿಯುಸಿಯಲ್ಲಿ ಎಲ್ಲರಿಗೂ ಇವೆ, ಇಲ್ಲಿ ಬಿಸಿಗೆ ಮಾತ್ರ. ನಾನೂ ಹಾಗೇ ನಂಬಿದ್ದೆ. ಮಗನ ಎಬಿ ಪ್ರಶ್ನೆಪತ್ರಿಕೆ ಕೈಗೆ ಬರುವವರೆಗೆ. (ಅವನು ಬಿಸಿಯಿಂದ ಎಬಿಗೆ ಬಂದ ಕಥೆ ಆಮೇಲೆ ಹೇಳುತ್ತೇನೆ.)

ಅದರ ಒಂದು ಪ್ರಶ್ನೆಯಲ್ಲಿ ಸೂತ್ರವೇ ಇರಲಿಲ್ಲ. ಒಂದು ಕೋಷ್ಟಕ ಇತ್ತು. ಗಂಟೆ ಗಂಟೆಗೆ ಒಂದು ತೊಟ್ಟಿಗೆ ಯಾವ ವೇಗದಲ್ಲಿ ನೀರು ಬರುತ್ತಿದೆ ಎಂಬ ಕೆಲವು ಸಂಖ್ಯೆಗಳು. ಇದರ ಇಂಟಿಗ್ರಲ್ ಏನನ್ನು ಹೇಳುತ್ತದೆ? ಅಳತೆಯ ಮಾನದೊಂದಿಗೆ ವಾಕ್ಯದಲ್ಲಿ ಬರೆಯಿರಿ. ನಿಮ್ಮ ಅಂದಾಜು ನಿಜಕ್ಕಿಂತ ಜಾಸ್ತಿಯೋ ಕಡಿಮೆಯೋ, ಯಾಕೆ? ಪಿಯುಸಿಯಲ್ಲಿ ನಾನು ನೂರಾರು ಇಂಟಿಗ್ರಲ್ ಮಾಡಿದ್ದೇನೆ. ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಉತ್ತರ ಬರೆಯಲು ಅರ್ಧ ಗಂಟೆ ಹಿಡಿಯಿತು. ಎರಡು ಘಟಕ ಕಡಿಮೆ ಇದೆ ಅಂದಮಾತ್ರಕ್ಕೆ ಹಗುರ ಅಂತಲ್ಲ.

ಮಗನ ಕಥೆಗೆ ಬರುತ್ತೇನೆ. ಪ್ರಿಕ್ಯಾಲ್ಕುಲಸ್‌ನಲ್ಲಿ ಅವನಿಗೆ ಎ ಬಂದಿತ್ತು. ನನಗೆ ಅಷ್ಟೇ ಸಾಕಾಯಿತು. ಅಕ್ಟೋಬರ್ ಹೊತ್ತಿಗೆ ರಾತ್ರಿ ಹನ್ನೊಂದೂವರೆಗೂ ಅವನ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಡೆರಿವೇಟಿವ್ ಸರಿಯಾಗಿಯೇ ಮಾಡುತ್ತಿದ್ದ. ಅದಾದಮೇಲೆ ಲಾಗರಿದಮ್ ಬಿಡಿಸಲು ಬರುತ್ತಿರಲಿಲ್ಲ. ಭಿನ್ನರಾಶಿಯೊಳಗೆ ಭಿನ್ನರಾಶಿ ಬಂದರೆ ಕೈ ನಿಲ್ಲುತ್ತಿತ್ತು. ಕ್ಯಾಲ್ಕುಲಸ್ ಅವನಿಗೆ ಕಷ್ಟವಾಗಿರಲಿಲ್ಲ. ಎರಡು ವರ್ಷದ ಹಿಂದಿನ ಅಲ್ಜೀಬ್ರಾ ಗಟ್ಟಿಯಾಗಿರಲಿಲ್ಲ. ಅದನ್ನು ಸರಿಮಾಡಿಕೊಳ್ಳಲು ಬಿಸಿಯ ಓಟದಲ್ಲಿ ಅವನಿಗೆ ಪುರುಸೊತ್ತೇ ಇರಲಿಲ್ಲ.

ಅವನ ಟೀಚರ್ ಕರೆದು ಎಬಿಗೆ ಬದಲಾಯಿಸೋಣ ಅಂದರು. ನಾನು ಮೂರು ವಾರ ಒಪ್ಪಲಿಲ್ಲ. ನಮ್ಮ ಕಾಲದಲ್ಲಿ ಕೆಳಗಿಳಿಯುವುದು ಅಂದರೆ ಫೇಲ್, ಒಂದು ವರ್ಷ ಹಾಳು, ನೆಂಟರ ಮುಂದೆ ತಲೆ ತಗ್ಗಿಸುವುದು. ಆ ಹೆದರಿಕೆ ನನ್ನ ಜೊತೆ ವಿಮಾನ ಹತ್ತಿ ಬಂದಿತ್ತು. ಮಗನಿಗೆ ಅದು ಗೊತ್ತೇ ಇರಲಿಲ್ಲ, ನಾನೇ ಕಲಿಸಿದೆ. ಇವತ್ತಿಗೂ ಅದು ನನಗೆ ನೋವಿನ ವಿಷಯ. ಬದಲಾದ ಮೇಲೆ ಅವನು ರಾತ್ರಿ ನಿದ್ದೆ ಮಾಡಿದ. ಜನವರಿಯಲ್ಲಿ ಒಂದು ದಿನ ಅಡುಗೆಮನೆಯಲ್ಲಿ ಮೇಲೆ ಅಗಲವಾಗುವ ಲೋಟಕ್ಕೆ ನೀರು ಸುರಿಯುತ್ತಾ, ಮಟ್ಟ ಯಾಕೆ ಮೊದಲು ಬೇಗ ಏರುತ್ತೆ, ಆಮೇಲೆ ಯಾಕೆ ನಿಧಾನವಾಗುತ್ತೆ ಎಂದು ತಂಗಿಗೆ ಹೇಳಿಕೊಡುತ್ತಿದ್ದ. ಅನಂತ ಶ್ರೇಣಿಯನ್ನು ಕಾಲೇಜಿನ ಮೊದಲ ವರ್ಷ ಓದಿದ. ನಾನೂ ಟೇಲರ್ ಸೀರೀಸ್ ಎಂಬ ಅನಂತ ಶ್ರೇಣಿ ಓದಿದ್ದು ಇಂಜಿನಿಯರಿಂಗ್ ಮೊದಲ ವರ್ಷದಲ್ಲೇ, ಅಲ್ವಾ? ಅದನ್ನು 17ನೇ ವಯಸ್ಸಿಗೇ ಮುಗಿಸಲಿ ಎಂದು ಯಾಕೆ ಹಟ ಹಿಡಿದೆನೋ!

ಅಮೆರಿಕದ ಗಣಿತದ ಎರಡು ದೊಡ್ಡ ಸಂಘಗಳು, ಮ್ಯಾಥಮ್ಯಾಟಿಕಲ್ ಅಸೋಸಿಯೇಷನ್ ಆಫ್ ಅಮೆರಿಕ ಮತ್ತು ಗಣಿತ ಶಿಕ್ಷಕರ ರಾಷ್ಟ್ರೀಯ ಮಂಡಳಿ, 2012ರಲ್ಲೇ ಒಟ್ಟಿಗೆ ಹೇಳಿವೆ: ಹೈಸ್ಕೂಲು ಮುಗಿಯುವುದರೊಳಗೆ ಕ್ಯಾಲ್ಕುಲಸ್ ಮುಟ್ಟಿಸುವುದು ಗುರಿಯಾಗಬಾರದು, ಮುಂದೆ ಕಾಲೇಜಿನಲ್ಲಿ ತಮಗಿಷ್ಟವಾದ ಯಾವ ವಿಷಯ ಓದಲೂ ಬೇಕಾಗುವ ಗಣಿತದ ಅಡಿಪಾಯ ಹಾಕುವುದು ಗುರಿಯಾಗಬೇಕು. ಇದನ್ನು ನಮ್ಮ ಕಾಫಿ ಗುಂಪಿನಲ್ಲಿ ಯಾರೂ ಹೇಳಿದ್ದು ನಾನು ಕೇಳಿಲ್ಲ. ಅಲ್ಲಿ ನಡೆಯುವುದು ಶಾಲೆಯ ಗ್ರೇಡುಗಳ ಸರಾಸರಿ ತೆಗೆಯುವಾಗ ಎಪಿಯ ಎ ಗ್ರೇಡಿಗೆ 4ರ ಬದಲು 5 ಸಿಗುತ್ತದೆ ಎಂಬ ಮಾತು.

ಹಾಗಂತ ಊರಿನ ಪದ್ಧತಿಯೇ ಮೇಲು ಅನ್ನಲಾರೆ. ಪಿಯುಸಿ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಎರಡು ವರ್ಷ ಏನೂ ಅರ್ಥವಾಗದೆ ಕೂತ ಗೆಳೆಯರು ನನಗಿದ್ದರು. ಅವರಿಗೆ ನಿಧಾನದ ದಾರಿಯೊಂದು ಇದ್ದಿದ್ದರೆ ಚೆನ್ನಾಗಿತ್ತು. ಆದರೆ ಅಲ್ಲಿ ಒಂದು ಒಳ್ಳೆಯದಿತ್ತು. ಹನ್ನೊಂದು ವರ್ಷದ ಮಗುವಿಗೆ "ನೀನು ಗಣಿತದವನಲ್ಲ" ಎಂದು ಯಾರೂ ಚೀಟಿ ಅಂಟಿಸುತ್ತಿರಲಿಲ್ಲ. ಇಲ್ಲಿ ಆರನೇ ಕ್ಲಾಸಿನ ಮಕ್ಕಳು ತಮ್ಮ ಬಗ್ಗೆ ಹಾಗೆ ಹೇಳಿಕೊಳ್ಳುವುದನ್ನು ಕೇಳಿದ್ದೇನೆ. ಕರುಳು ಚುರುಕ್ ಅನ್ನುತ್ತದೆ. ಸಿಬಿಎಸ್‌ಇಯವರು 2020ರ ಹತ್ತನೇ ಕ್ಲಾಸಿನ ಪರೀಕ್ಷೆಯಿಂದ ಬೇಸಿಕ್, ಸ್ಟ್ಯಾಂಡರ್ಡ್ ಎಂದು ಎರಡು ಗಣಿತ ಪತ್ರಿಕೆ ಮಾಡಿದ್ದಾರೆ. ಪಾಠ ಒಂದೇ, ತರಗತಿಯೂ ಒಂದೇ, ಪ್ರಶ್ನೆಪತ್ರಿಕೆ ಮಾತ್ರ ಬೇರೆ. ಮಕ್ಕಳನ್ನು ಬೇರೆ ಬೇರೆ ಕೋಣೆಗೆ ಕಳಿಸದೆ ಆಯ್ಕೆ ಕೊಡುವ ಈ ದಾರಿ ನನಗೆ ಹಿಡಿಸಿತು. ಕರ್ನಾಟಕದಲ್ಲೂ 2024ರಲ್ಲಿ ಪಿಯುಸಿಗೆ ವರ್ಷಕ್ಕೆ ಮೂರು ಪರೀಕ್ಷೆ ತಂದರು. ಒಂದು ಸಲ ಎಡವಿದರೆ ಎಲ್ಲ ಮುಗಿಯಿತು ಎನ್ನುವ ಭಯ ಈಗಿನ ಮಕ್ಕಳಿಗೆ ಅಷ್ಟು ಇರಲಿಕ್ಕಿಲ್ಲ.

ಮಗಳ ವಿಷಯದಲ್ಲಿ ಗ್ರೇಡ್ ನೋಡಿ ಸುಮ್ನೆ ಕೂರಲಿಲ್ಲ. ಹೋದ ಭಾನುವಾರ ಅಲ್ಜೀಬ್ರಾ 2ರಿಂದ ಐದು, ಪ್ರಿಕ್ಯಾಲ್ಕುಲಸ್‌ನ ಮೊದಲ ಪಾಠಗಳಿಂದ ಐದು ಲೆಕ್ಕ ಆರಿಸಿ ಕೊಟ್ಟೆ. ಓದಿ ತಿಂಗಳುಗಳೇ ಆಗಿರುವ ಲೆಕ್ಕಗಳು. ಪುಸ್ತಕವಿಲ್ಲ, ಫೋನಿಲ್ಲ. ಎಂಟು ಸರಿ ಬಂದವು. ತಪ್ಪಾದ ಎರಡರಲ್ಲಿ ಒಂದನ್ನು ಅವಳೇ ಹುಡುಕಿ ತಿದ್ದಿದಳು. ನನಗೆ ಎಂಟು ಸರಿ ಬಂದದ್ದಕ್ಕಿಂತ ಅದು ಜಾಸ್ತಿ ಖುಷಿ ಕೊಟ್ಟಿತು.

"ನಿನಗೇನು ಬೇಕು ಪುಟ್ಟಿ?" ಅಂದೆ.

"ಅರ್ಧ, ಕಾಲು, ಅರೆಕಾಲು ಅಂತ ಕೂಡಿಸ್ತಾ ಹೋದ್ರೆ ಒಂದೇ ಯಾಕೆ ಬರುತ್ತೆ, ಅದಕ್ಕಿಂತ ಮೇಲೆ ಯಾಕೆ ಹೋಗಲ್ಲ? ನನಗೆ ಅದು ಬೇಕು."

ಕಾಲೇಜಿನಲ್ಲಿದ್ದ ಅಣ್ಣನಿಗೆ ಫೋನ್ ಮಾಡಿದಳು. "ಅದು ಬಿಸಿಯಲ್ಲೇ ಬರೋದು. ಆ ಪಾಠ ಶುರುವಾದಾಗ ಫೋನ್ ಮಾಡು, ಒಟ್ಟಿಗೆ ಮಾಡೋಣ" ಅಂದ. ಬಿಸಿಯ ಮುಂದೆ ಅವಳೇ ಗುರುತು ಹಾಕಿದಳು. ನಾನು ಸಹಿ ಮಾಡಿದೆ. ಶುರುವಾದ ಮೇಲೆ ತರಗತಿ ಬದಲಾಯಿಸಲು ಕೊನೆಯ ದಿನ ಯಾವುದು ಎಂದು ಶಾಲೆಗೆ ಫೋನ್ ಮಾಡಿ ಕೇಳಿ, ಗೋಡೆಯ ಕ್ಯಾಲೆಂಡರಿನಲ್ಲಿ ಅವಳ ಎದುರೇ ಬರೆದಿಟ್ಟೆ.